ಬೆಳೆಯದ ಗೆರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ನಾನು ಮಾಡಿದ ಈ ತಪ್ಪನ್ನು ಕೋಪದ ತಲೆಗೆ ಕಟ್ಟುವ ಹಾಗಿಲ್ಲ. ಅದು ತಣ್ಣಗೆ, ಯೋಚಿಸಿ ಮಾಡಿದ್ದು.

ನಾನು ಮತ್ತು ನನ್ನ ಅತ್ತಿಗೆ ಒಂದೇ ಕಡೆ ಕೆಲಸ ಮಾಡುತ್ತೇವೆ. ಬೋರ್ಡು, ಗೋಡೆ ಅಲಂಕಾರ ಮಾಡಿಕೊಡುವ ಅಂಗಡಿ. ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತೇನೆ. ಕೆಳಗೆ ಅತ್ತಿಗೆ ಲೇಸರ್ ಯಂತ್ರದಲ್ಲಿ ಅದನ್ನು ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸುತ್ತಾರೆ. ಅವರನ್ನು ಸೇರಿಸಿದವಳು ನಾನೇ. ಪ್ಯಾಕಿಂಗ್ ಮೇಜಿನ ಹತ್ತಿರ ಏನೋ ಸುತ್ತಿಕೊಂಡಿರಲಿ ಎಂದುಕೊಂಡಿದ್ದೆ. ಆರೇ ತಿಂಗಳಲ್ಲಿ ಯಂತ್ರ ಕಲಿತುಬಿಟ್ಟರು. ಯಜಮಾನರ ಬಾಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರದೇ ಹೊಗಳಿಕೆ. ಬರಲಿರುವ ದೊಡ್ಡ ಯಂತ್ರವನ್ನೂ ಅವರಿಗೇ ವಹಿಸುತ್ತೇನೆ ಎನ್ನುತ್ತಿದ್ದರು. ನನಗೆ ಹೊಟ್ಟೆಯುರಿ. ಈಗ ಮುಚ್ಚಿಟ್ಟು ಏನಾಗಬೇಕು, ಇತ್ತು.

ಮಕ್ಕಳ ಆಸ್ಪತ್ರೆಯೊಂದರ ಗೋಡೆಗೆ ಹಸಿರು ಬಳ್ಳಿ ಬೇಕಿತ್ತು. ಬಾಗಿಲಿನಿಂದ ಕಿಟಕಿಯವರೆಗೆ ಹಬ್ಬಬೇಕು, ನಾಲ್ಕು ಸೆಂಟಿಮೀಟರ್ ದಪ್ಪವಿರಬೇಕು. ನಾನು ಅದನ್ನು ಹತ್ತರಲ್ಲಿ ಒಂದು ಅಳತೆಗೆ ಬರೆದೆ. ನಮ್ಮ ಕೆಲಸದಲ್ಲಿ ಒಂದು ಸಂಗತಿಯಿದೆ. ಗೆರೆ ಎಳೆದು ಎಷ್ಟೇ ದಪ್ಪ ಕೊಟ್ಟರೂ ಕಂಪ್ಯೂಟರಿಗೆ ಅದು ಬರೀ ಗೆರೆ. ಚಿತ್ರವನ್ನು ಹಿಗ್ಗಿಸಿದಾಗ ಗೆರೆ ಉದ್ದವಾಗುತ್ತದೆ, ದಪ್ಪ ಇದ್ದಷ್ಟೇ ಉಳಿದುಬಿಡಬಹುದು. ಮಗುವಿನ ಅಂಗಿಯನ್ನು ದೊಡ್ಡವರ ಅಳತೆಗೆ ಹೊಲಿದು ಕಾಲರ್ ಮಾತ್ರ ಮಗುವಿನದೇ ಇಟ್ಟ ಹಾಗೆ. ಅದಕ್ಕೇ ಕೆಳಗೆ ಕಳಿಸುವ ಮೊದಲು ಗೆರೆಯನ್ನು ಆಕಾರವಾಗಿ ಬದಲಿಸಬೇಕು, ಅದರ ಎರಡೂ ಬದಿಗೆ ನಿಜವಾದ ಅಂಚು ಬರಬೇಕು. ಹೊಸಬರಿಗೆ ಈ ಪಾಠ ಹೇಳುವವಳೇ ನಾನು. ಅವತ್ತು ಮರೆತೆ.

ಕೆಳಗಿನಿಂದ ಅತ್ತಿಗೆ ಫೋನ್ ಮಾಡಿದರು.

"ಪುಟ್ಟೀ, ನೀನು ಹೇಳಿದ ಹಾಗೆ ಹತ್ತು ಪಟ್ಟು ಮಾಡ್ದೆ. ಬಳ್ಳಿ ತೀರಾ ಸಣಕಲಾಗಿ ಕಾಣ್ತಿದೆಯಲ್ಲ?"

"ಸ್ಕ್ರೀನ್ ಮೇಲೆ ಹಾಗೇ ಕಾಣೋದು ಅತ್ತಿಗೆ. ಕೊಟ್ಟಿದ್ದನ್ನ ಕತ್ತರಿಸಿ, ಸಾಕು."

"ಒಂದ್ಸಲ ಬಂದು ನೋಡ್ತೀಯಾ?"

"ನಂಗೆ ಬೇರೆ ಕೆಲಸ ಇಲ್ವಾ?" ಎಂದು ಫೋನ್ ಇಟ್ಟೆ.

ಆರು ಹಾಳೆ ಹಾಳಾದವು. ಬಳ್ಳಿ ಪೆನ್ಸಿಲಿಗಿಂತ ತೆಳ್ಳಗೆ ಬಂದು, ಎತ್ತಿದ ಕೂಡಲೇ ಪಟಪಟ ಮುರಿಯಿತು. ಯಜಮಾನರು ಕೂಗಾಡುತ್ತ ನನ್ನನ್ನೂ ಕೆಳಗೆ ಕರೆದರು. ನಾನು ನನ್ನ ಚಿಕ್ಕ ಚಿತ್ರ ತೋರಿಸಿದೆ. ಅದರಲ್ಲಿ ಬಳ್ಳಿ ಉಂಡು ಮಲಗಿದವರ ಹಾಗೆ ದುಂಡುದುಂಡಾಗಿಯೇ ಇತ್ತು. ಹಿಗ್ಗಿಸುವಾಗ ಕೆಳಗೇ ಏನೋ ಎಡವಟ್ಟಾಗಿದೆ ಎಂದೆ. ಆಗ ಹಾಗೆಂದೇ ನಂಬಿದ್ದೆ.

ಯಜಮಾನರು ಅತ್ತಿಗೆಯ ಕಡೆ ತಿರುಗಿದರು. "ಅನುಮಾನ ಬಂದ್ರೆ ಮೇಲೆ ಒಂದು ಮಾತು ಕೇಳಬಾರದೇನಮ್ಮಾ?"

ಅತ್ತಿಗೆ ನನ್ನ ಮುಖ ನೋಡಿದರು.

"ನನ್ನನ್ನ ಯಾರೂ ಕೇಳ್ಲಿಲ್ಲ" ಎಂದೆ.

ಅತ್ತಿಗೆ ಬಾಯಿ ಬಿಡಲಿಲ್ಲ. ಮನೆಯ ಹುಡುಗಿಯನ್ನು ನಾಲ್ಕು ಜನರ ಮುಂದೆ ಬಿಟ್ಟುಕೊಡುವವರಲ್ಲ ಅವರು. ಆ ಕ್ಷಣವೇ ಯಜಮಾನರು ಅವರನ್ನು ಯಂತ್ರದಿಂದ ಎಬ್ಬಿಸಿ ಪ್ಯಾಕಿಂಗ್ ಮೇಜಿಗೆ ಕಳಿಸಿದರು. ಅವರ ಜಾಗಕ್ಕೆ ಬೋರ್ಡು ಜೋಡಿಸುವ ಕನ್ನಡಕದವನು ಬಂದ.

ಮೇಲೆ ಹೋಗಿ ಚಿತ್ರವನ್ನು ನಾನೇ ಹತ್ತು ಪಟ್ಟು ಮಾಡಿ ನೋಡಿದೆ. ಬಳ್ಳಿ ದಾರದ ಹಾಗೆ ಎಳೆದುಕೊಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡೊಂಕು ಎಂದದ್ದಷ್ಟೇ ಅಲ್ಲ, ನೆಲವನ್ನು ಅಗೆಸಿಯೂ ಬಿಟ್ಟಿದ್ದೆ.

ಆಗಲೇ ಮೆಟ್ಟಿಲಿಳಿದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಬಾಗಿಲು ಮುಂದಕ್ಕೆ ಮಾಡಿಕೊಂಡು ತಿದ್ದಲು ಕೂತೆ. ಗೆರೆಗಳನ್ನೆಲ್ಲ ಆಕಾರವಾಗಿ ಬದಲಿಸಿದೆ. ಕವಲು ಬಂದು ಕಾಂಡಕ್ಕೆ ಕೂಡುವ ಕಡೆ ಒಂದರ ಮೇಲೊಂದು ಹತ್ತಿದ್ದ ಅಂಚುಗಳನ್ನು ಬೆಸೆದು ಒಂದು ಮಾಡಿದೆ. ಬೇಡದ ಚುಕ್ಕಿಗಳನ್ನು ಅಳಿಸಿ ತಿರುವುಗಳನ್ನು ನುಣುಪಾಗಿಸಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಹಳೆಯ ಹೆಸರಿನಲ್ಲೇ ಉಳಿಸಿ ಕೆಳಗೆ ಕಳಿಸಿದೆ.

ಮರುದಿನ ಬಳ್ಳಿ ಸರಿಯಾಗಿ ಬಂತು.

"ನೋಡಿದ್ರಾ? ಅದೇ ಚಿತ್ರ, ಅದೇ ಯಂತ್ರ. ಕೈ ಮಾತ್ರ ಬೇರೆ" ಎಂದು ಯಜಮಾನರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅತ್ತಿಗೆ ತಲೆ ತಗ್ಗಿಸಿ ಕಾಗದ ಸುತ್ತುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

ಸಂಜೆ ಊಟಕ್ಕೆ ಕೂತಾಗ ಅಣ್ಣ ಅತ್ತಿಗೆಗೆ, "ಹೋಗ್ಲಿ ಬಿಡು, ಆ ಯಂತ್ರದ ಉಸಾಬರಿ ನಿನಗ್ಯಾಕೆ" ಎಂದ. ಪಾಪ, ಸಮಾಧಾನ ಮಾಡಲು ಹೇಳಿದ್ದು. ಅತ್ತಿಗೆ ಸುಮ್ಮನೆ ನಕ್ಕು ನನ್ನ ತಟ್ಟೆಗೆ ಇನ್ನೊಂದು ಸಲ ಬಡಿಸಿದರು.

ಮೂರನೆಯ ದಿನ ಟೇಪು ತರಲು ಪ್ಯಾಕಿಂಗ್ ಮೇಜಿಗೆ ಹೋದೆ. ಅತ್ತಿಗೆಯ ಕೈಯಲ್ಲಿ ಬಳ್ಳಿಯ ಕೊನೆಯ ತುಂಡಿತ್ತು. ಕವಲು ಕೂಡಿದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

"ಚೆನ್ನಾಗಿ ಬೆಸೆದಿದೀಯ" ಎಂದರು ಮೆಲ್ಲಗೆ. "ಮೊದಲ್ನೇ ಸಲ ಕೊಟ್ಟಿದ್ರಲ್ಲಿ ಇಲ್ಲೆಲ್ಲಾ ಅಡ್ಡಡ್ಡ ಕತ್ತರಿಸಿ ಹೋಗಿತ್ತು. ಆ ಚೂರು ಗುಡಿಸಿದವಳು ನಾನೇ ಅಲ್ವಾ."

ಅದೇ ಚಿತ್ರವಲ್ಲ ಎಂದು ಅವರಿಗೆ ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಬಡಿಸಿದ್ದರು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಟೇಪು ಅಲ್ಲೇ ಬಿಟ್ಟು ಯಜಮಾನರ ಹತ್ತಿರ ಹೋದೆ. ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ: ಗೆರೆ ಬದಲಿಸಲು ಮರೆತವಳು ನಾನು, ಅತ್ತಿಗೆ ಫೋನ್ ಮಾಡಿ ಕೇಳಿದ್ದರು, ಕೇಳಲಿಲ್ಲ ಎಂದು ಸುಳ್ಳು ಹೇಳಿದೆ, ಆಮೇಲೆ ಕದ್ದು ಚಿತ್ರ ತಿದ್ದಿದೆ.

"ನಿನ್ನ ಮಾತು ನಂಬಿ ಆ ಹೆಣ್ಮಗಳಿಗೆ ಅಷ್ಟು ಜನರ ಮುಂದೆ ಅಂದ್ಬಿಟ್ಟೆನಲ್ಲಮ್ಮಾ" ಎಂದರು ಯಜಮಾನರು. ಕನ್ನಡಕದವನು ಹೇಳಿಸಿಕೊಳ್ಳದೆ ಯಂತ್ರದ ಮುಂದಿನ ಕುರ್ಚಿ ಬಿಟ್ಟು ಎದ್ದ. ಅತ್ತಿಗೆ ಕೈ ಒರೆಸಿಕೊಂಡು ಬಂದು ಕೂತರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ. ಮನೆಯಲ್ಲಿ ಮಾತು, ನಗು ಎಲ್ಲ ಮೊದಲಿನ ಹಾಗೇ ಇತ್ತು. ಮುಂದಿನ ವಾರ ಹೊಸ ಚಿತ್ರವೊಂದನ್ನು ಕೆಳಗೆ ಕಳಿಸಿದೆ. ಫೋನ್ ಬರಲಿಲ್ಲ. ಅತ್ತಿಗೆಯೇ ಅದರ ಪ್ರಿಂಟ್ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಗೆರೆ ಎಲ್ಲಾ ಬದಲಿಸಿದೀಯಾ?"

"ಬದಲಿಸಿದೀನಿ ಅತ್ತಿಗೆ. ಎರಡೆರಡು ಸಲ ನೋಡ್ದೆ."

ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಮುಖದಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ನಾನು ಕೇಳ್ದೆ, ನೀನು ಸರಿಯಿದೆ ಅಂದೆ ಅಂತ ಇದ್ರಲ್ಲಿ ಬರೆದು ಸಹಿ ಹಾಕು ಪುಟ್ಟೀ."

ಹಾಕಿದೆ.