ಸೀರೆಯಲ್ಲಿ ಸೋಸಿದ ಆಯಿಲ್

“ಹೊಸ ಆಯಿಲ್ಲು ನಿಮ್ಮಪ್ಪ ತಂದಿಟ್ಟವ್ನೇನ್ಲಾ, ಬೋಳಿಮಗ್ನೆ? ಕೊಟ್ಟಿದ್ದನ್ನ ಹೊಯ್ಯಿ!”

ಮೇಲೆ ನಿಂತು ಧಣಿ ರಾಯಪ್ಪನ್ ಬೈಯುತ್ತಿದ್ದರೆ, ಕೆಳಗೆ ಚಿಕ್ಕ ದೋಣಿಯ ಎಂಜಿನ್ ಗುಂಡಿಯಲ್ಲಿ ಸೂಸೈ ಬೋರಲು ಬಿದ್ದಿದ್ದ. ಎಂಜಿನನ್ನು ಕಾಲು ಗಂಟೆ ಓಡಿಸಿ, ಹಳೆಯ ಆಯಿಲ್ ತೆಳುವಾದ ಮೇಲೆ ಅಳತೆಕಡ್ಡಿಯ ತೂತಿಗೆ ಸಣ್ಣ ನಳಿಕೆ ಇಳಿಸಿ, ಕೈಪಂಪಿನಿಂದ ಎಳೆದು ಮುಗಿಸಿದ್ದ. ಅಡಿಯ ಬೋಲ್ಟ್ ಬಿಚ್ಚೋಣವೆಂದರೆ ದೋಣಿ ಕಟ್ಟಿದ ಪುಣ್ಯಾತ್ಮ ಕೈ ತೂರುವಷ್ಟೂ ಜಾಗ ಬಿಟ್ಟಿರಲಿಲ್ಲ. ಬಿಸಿ ಕಬ್ಬಿಣ ತಾಗಿ ಮೊಣಕೈಯಲ್ಲಿ ಬೊಬ್ಬೆ ಎದ್ದಿತ್ತು.

ಪಾಂಬನ್ ಊರಿನ ದೋಣಿ ನಿಲ್ಲುವ ದಕ್ಕೆಯಲ್ಲಿ ರಾಯಪ್ಪನ್‌ಗೆ ಎರಡು ದೋಣಿ. ದೊಡ್ಡದಕ್ಕೆ ಹೊಸ ಆಯಿಲ್. ಅದು ಒಂದು ಹಂಗಾಮು ಕುಡಿದು ಬಿಟ್ಟದ್ದನ್ನು ಹರಕು ಸೀರೆಯಲ್ಲಿ ಸೋಸಿ ಚಿಕ್ಕದಕ್ಕೆ. ಧಣಿಯ ಅಪ್ಪನ ಕಾಲದ ಪದ್ಧತಿ. ಆ ಕಾಲದಲ್ಲಿ ಅವರ ಮನೆಯ ಹಿತ್ತಲಲ್ಲಿ ಸೂಸೈಯ ಅವ್ವನ ಸೆರಗಿಗೆ ಬೀಳುತ್ತಿದ್ದ ಅನ್ನವೂ ಒಳಗಿನವರು ಉಂಡು ಬಿಟ್ಟದ್ದೇ.

ಹೋದ ವರ್ಷ ಇಂಥದೇ ಎಂಜಲು ಕುಡಿದು ಎಂಜಿನ್ ನಡುಗಡಲಲ್ಲಿ ಕಚ್ಚಿಕೊಂಡು ನಿಂತುಹೋಗಿತ್ತು. ಐದು ಜನ ಮೂರು ದಿನ ತೇಲಿದರು. ಕುಡಿಯಲು ನೀರಿಲ್ಲದೆ ಕಾಳಿಮುತ್ತು ಮಾವ ಸೂಸೈಯ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ನಾಳೆ ಬೆಳಗಿಗೆ ಮತ್ತೆ ಇದೇ ದೋಣಿ, ಅದೇ ಕಡಲು.

ಕ್ಯಾನಿನಲ್ಲಿದ್ದ ಸೋಸಿದ ಆಯಿಲ್‌ಗೆ ಸೂಸೈ ಎರಡು ಬೆರಳು ಅದ್ದಿ ತಿಕ್ಕಿದ. ಕರಕರ ಎಂದಿತು.

“ಧಣಿ, ಕಬ್ಬಿಣದ ಪುಡಿ ಕೈಗೇ ಸಿಗ್ತದೆ. ನೀವೇ ಮುಟ್ಟಿ ನೋಡಿ.”

“ನಾನ್ಯಾಕ್ಲಾ ಮುಟ್ಲಿ? ಮುಟ್ಟೋ ಜಾತಿ ನಿಂದು.”

“ಕಾಳಿಮುತ್ತು ಮಾವ ಇದ್ರಿಂದ್ಲೇ ಸತ್ತಿದ್ದು.”

“ಅವನ ಆಯಸ್ಸು ಮುಗ್ದಿತ್ತು, ಹೋದ. ಆ ಆಯಿಲ್‌ಗಿನ್ನೂ ಆಯಸ್ಸೈತೆ. ಹೊಯ್ಯೋ ಮುಚ್ಕೊಂಡು!”

ಅಷ್ಟರಲ್ಲಿ ದೋಣಿ ಹರಸಲು ಫಾದರ್ ಬಂದರು. ದಕ್ಕೆಯ ಮೇಲೆ ಧಣಿಯ ಹೊಸ ಬಿಳಿ ಕಾರು ಮಲ್ಲಿಗೆ ಹಾರ ಹಾಕಿಕೊಂಡು ನಿಂತಿತ್ತು. ಪವಿತ್ರ ಜಲ ಮೊದಲು ಬಿದ್ದದ್ದು ಅದಕ್ಕೆ. ಆಮೇಲೆ ದೋಣಿಯ ಕಡೆ ತಿರುಗಿದರು.

“ಸೂಸೈ, ಅನ್ನ ಕೊಡೋರಿಗೆ ಎದುರಾಡಬಾರದಪ್ಪ. ಕಾಯೋನು ಮೇಲಿದ್ದಾನೆ.”

“ಹೋದ್ ವರ್ಸಾನೂ ಅವ್ನು ಮೇಲೇ ಇದ್ದ, ಫಾದರ್.”

ಸೂಸೈ ಕ್ಯಾನ್ ಹೆಗಲಿಗೇರಿಸಿಕೊಂಡು ಗುಂಡಿಯಿಂದ ಹತ್ತಿ ಬಂದ. ಚೆಲ್ಲಲು ಹೊರಟಿದ್ದಾನೆಂದುಕೊಂಡು ಧಣಿ, “ನೀರಿಗೆ ಚೆಲ್ಲಿದ್ರೆ ಚರ್ಮ ಸುಲೀತೀನಿ,” ಎಂದ.

“ಚೆಲ್ಲಾಕಿಲ್ಲ ಧಣಿ. ಇನ್ನೂ ಆಯಸ್ಸೈತಲ್ಲ.”

ದಕ್ಕೆಗೆ ಹಾಕಿದ್ದ ಹಲಗೆ ದಾಟಿ ನೆಟ್ಟಗೆ ಕಾರಿನ ಬಳಿ ನಡೆದ. ಮುಚ್ಚಳ ತೆಗೆದು, ಅವಸರವಿಲ್ಲದೆ, ಗಾಜಿನ ಮೇಲಿನಿಂದ ಹೊಯ್ಯತೊಡಗಿದ. ಮಲ್ಲಿಗೆ ಕಪ್ಪಾಯಿತು. ಕಿಟಕಿ ತೆರೆದಿತ್ತು, ಉಳಿದದ್ದನ್ನು ಸೀಟಿಗೂ ಹೊಯ್ದ.

“ಸೂಳೇಮಗ್ನೆ! ಹಿಡೀರೋ ಅವನ್ನ!” ಧಣಿ ದೋಣಿಯಲ್ಲಿದ್ದ, ಹೋದ ವರ್ಷ ಸೂಸೈ ಜೊತೆ ತೇಲಿದ್ದ ಮೂವರು ಆಳುಗಳ ಕಡೆ ತಿರುಗಿ ಅರಚಿದ.

ಮೂವರೂ ತಮ್ಮ ಬಟ್ಟೆಯ ಗಂಟು ಎತ್ತಿಕೊಂಡು ಒಬ್ಬೊಬ್ಬರಾಗಿ ದಕ್ಕೆಗೆ ಇಳಿದರು. ಸೂಸೈಯನ್ನು ಯಾರೂ ಮುಟ್ಟಲಿಲ್ಲ. ಎಂಜಿನ್ನಿನಲ್ಲಿ ಆಯಿಲ್ ಖಾಲಿಯಾಗಿತ್ತು, ದೋಣಿಯಲ್ಲಿ ಯಾರೂ ಉಳಿದಿರಲಿಲ್ಲ.