ಹೆಪ್ಪು ಕೊಟ್ಟವಳ ಹೆಸರು

ಸಾಲಗುಂದದ ಕೆಳಗೆ, ಕಾಲುವೆಯ ಕೊನೆಭಾಗದಲ್ಲಿ, ನಾಟಿ ಮಾಡಿದ ಭತ್ತ ಹಳದಿಗೆ ತಿರುಗಿತ್ತು. ಬಿರಿದ ನೆಲದಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತಿತ್ತು. ಫೋನಿನಲ್ಲಿ ಮಾತ್ರ ನೀರೇ ನೀರು. ‘ನಾಳೆ ನಿಮ್ಮ ಹೊಲಕ್ಕೆ ನೀರು ಬರುತ್ತದೆ’ ಎಂದು ‘ಗದ್ದೆಮ್ಮ’ ಆ್ಯಪ್ ದಿನಾ ಹೇಳುತ್ತಿತ್ತು. ಜನ ನಂಬಿ ಮನೆಯಲ್ಲೇ ಕೂತಿದ್ದರು.

ನಂಬಲು ಕಾರಣವಿತ್ತು. ಆ್ಯಪ್ ಬರೆದವಳು ಸಿಂಧನೂರಿನ ಝೆರಾಕ್ಸ್ ಅಂಗಡಿಯಲ್ಲಿ ದುಡಿಯುವ ಮಹೇಶ್ವರಿ. ಮೊದಲೆಲ್ಲ ಮೇಲಿನ ತೂಬಿನ ಬಳಿ ಇದ್ದವರು ಅದರಲ್ಲಿ ನೀರಿನ ಫೋಟೋ ಹಾಕುತ್ತಿದ್ದರು, ಕೆಳಗಿನವರು ನೋಡಿ ಹೊಲಕ್ಕೆ ಓಡುತ್ತಿದ್ದರು. ಅದಕ್ಕೆ ಅವ್ವನ ಹೆಸರಿಟ್ಟಿದ್ದಳು; ಮೊಸರು ಮಾರುವ ಗದ್ದೆಮ್ಮ ಸುಳ್ಳಾಡುವವಳಲ್ಲ ಎಂದು ಸುತ್ತಲ ಊರಿಗೆಲ್ಲ ಗೊತ್ತು. ಆ್ಯಪಿನ ಒಳಗಿನ ಕೋಡನ್ನೂ ಮುಚ್ಚಿಡಲಿಲ್ಲ. ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ. ತಿದ್ದಿದರೆ ಬೇರೆ ಹೆಸರಿಡಿ ಎಂದು ಲೈಸೆನ್ಸಿನಲ್ಲಿ ಬರೆದಿದ್ದಳು.

ಮೇಲ್ಭಾಗದ ಧಣಿ ಅಮರಗುಂಡಪ್ಪನಿಗೆ ಮೊದಲ ಮಾತು ಕಂಡಿತು, ಎರಡನೆಯದು ಕಾಣಲಿಲ್ಲ. ಹಣೆ ತುಂಬ ವಿಭೂತಿ, ಕಾಲುವೆ ತುಂಬ ಕಳ್ಳ ಪೈಪು. ಯಾರಿಂದಲೋ ಆ್ಯಪ್ ತಿದ್ದಿಸಿ, ಫೋಟೋ ಕೀಳಿಸಿ, ‘ನಾಳೆ’ ಸೇರಿಸಿ, ಹೊಸ ಗದ್ದೆಮ್ಮ ಬಂದಿದ್ದಾಳೆಂದು ಎಲ್ಲರ ಫೋನಿಗೆ ಹಂಚಿಸಿದ. ಕೆಳಗಿನವರು ನಾಳೆಗೆ ಕಾಯುತ್ತಿದ್ದರೆ ಅವನ ಗದ್ದೆ ಇಂದೇ ಕುಡಿಯುತ್ತಿತ್ತು.

ಮಹೇಶ್ವರಿ ನೀರಾವರಿ ಸಾಹೇಬರಿಗೆ ಲೈಸೆನ್ಸು ವಿವರಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹೆಸರಿನ ತಕರಾರು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಬೆಂಗಳೂರಿಗೆ ಹೋಗು ಎಂದರು. ನೀರಿನ ತಕರಾರಾದರೂ ಬರುತ್ತದೆಯೇ ಎಂದದ್ದಕ್ಕೆ ತಮ್ಮ ಫೋನು ತೋರಿಸಿದರು.

“ನಾಳೆ ಬರ್ತದಲ್ಲ. ಗದ್ದೆಮ್ಮನ ಹೇಳ್ಯಾಳ.”

ಮಹೇಶ್ವರಿ ಅಲ್ಲಿಂದ ಎದ್ದು ಬಂದಳು. ಅವ್ವನನ್ನೂ ಕೊನೆಭಾಗದ ಜನರನ್ನೂ ಕರೆದುಕೊಂಡು ಧಣಿಯ ಕಟ್ಟೆಗೆ ಹೋದಳು.

“ಯಾರು ಬೇಕಾದ್ರೂ ತಗೋರಿ ಅಂತ ನಿನ್ನ ಮಗಳ ಬರದಾಳ. ತಗೊಂಡೀನಿ. ಕಳವು ಎಲ್ಲೈತಿ?” ಎಂದ ಅಮರಗುಂಡಪ್ಪ.

ಗದ್ದೆಮ್ಮ ಸೆರಗು ಸರಿಮಾಡಿಕೊಂಡಳು. “ಹೆಪ್ಪು ಕೇಳಿದವರಿಗೆ ನಾ ಇಲ್ಲ ಅಂದಾಕಿ ಅಲ್ರಿ ಸಾವ್ಕಾರ್ರ. ಒಯ್ರಿ, ನಿಮ್ಮ ಹಾಲಿಗೆ ಹಾಕ್ರಿ. ನೀರು ಬೆರಸಿ ಗದ್ದೆಮ್ಮನ ಮೊಸರು ಅಂತ ಮಾರಬ್ಯಾಡ್ರಿ. ಹೆಪ್ಪು ಕೊಟ್ಟೀವಿ, ಹೆಸರು ಕೊಟ್ಟಿಲ್ಲ.”

ಧಣಿ ನಕ್ಕ. ಆ ಹೆಸರನ್ನು ತನ್ನದೆಂದು ನೋಂದಾಯಿಸಲು ಅರ್ಜಿ ಹಾಕಿದ್ದೇನೆ, ಇನ್ನು ನೀವೇ ಬಳಸಕೂಡದು ಎಂದ.

“ಹಂಗಾರ ನನ್ನ ಏನಂತ ಕರೀಬೇಕು?” ಎಂದಳು ಗದ್ದೆಮ್ಮ. ಉತ್ತರಕ್ಕೆ ಕಾಯಲಿಲ್ಲ. ನೆಟ್ಟಗೆ ಕಾಲುವೆಯ ಏರಿ ಹತ್ತಿ, ಅವನ ಮೊದಲ ಪೈಪಿನ ಮೇಲೆ ಕಾಲಿಟ್ಟು ನಿಂತಳು. ಮಹೇಶ್ವರಿ ಫೋನು ಹಿಡಿದಳು. ವಿಡಿಯೋ ಮಸ್ಕಿಯ ತನಕ ಊರೂರಿಗೆ ಹೋಯಿತು.

“ನಾ ಗದ್ದೆಮ್ಮ ಹೇಳಾಕತ್ತೀನಿ. ನಾಳೆ ನೀರು ಬರಂಗಿಲ್ಲ. ನೀರು ಇಲ್ಲೈತಿ. ಸಲಿಕಿ ತಗೊಂಡು ಬರ್ರಿ.”

ಸಂಜೆಗೆ ಏರಿಯ ಉದ್ದಕ್ಕೂ ಜನ ನಿಂತಿದ್ದರು. ಮೊದಲ ಪೈಪು ಕಿತ್ತವಳು ಗದ್ದೆಮ್ಮನೇ.