ಮಾವನ ಗಡ್ಡ

ಸೈಕಲ್ಲಿನಿಂದ ಬೀಳುವಾಗ ಕ್ಷೌರಿಕ ಬಲಗೈ ಊರಿದ್ದ. ಮಣಿಕಟ್ಟಿನೊಳಗೆ ಗೋಡಂಬಿಯಂಥ ಪುಟ್ಟ ಮೂಳೆಯೊಂದು ಮುರಿಯಿತು. ಪ್ಲಾಸ್ಟರ್ ಹಾಕಿದರೂ ಕೂಡಲಿಲ್ಲ. ಕೊನೆಗೆ ಡಾಕ್ಟರು ಅವನ ಸೊಂಟದಿಂದಲೇ ಚೂರು ಮೂಳೆ ತೆಗೆದು ಅಲ್ಲಿ ಕೂರಿಸಿದರು.

ಮತ್ತೆ ಕಟ್ಟು ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಕೈ ಮಾತ್ರ ಮರದ ಕೊರಡು. ಅತ್ತಲೂ ಬಗ್ಗದು, ಇತ್ತಲೂ ಬಗ್ಗದು.

"ಸೊಂಟದ ಮೂಳೆ ಅಲ್ವಾ, ಕೂತ್ಕೊಳ್ಳೋದು ಬಿಟ್ರೆ ಅದಕ್ಕೇನು ಗೊತ್ತು?" ಎಂದಳು ಹೆಂಡತಿ. ಅವನಿಗೆ ನಗು ಬರಲಿಲ್ಲ.

ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಗದರಿಸಿಯೇ ಹೇಳಿದ್ದಳು: "ಬಿಸಿನೀರಲ್ಲಿ ಕೈ ಇಟ್ಟು ನಿಧಾನಕ್ಕೆ ಬಗ್ಗಿಸಿ. ಹಟ ಮಾಡಿ ತಿರುಚಬೇಡಿ."

ಹಟಕ್ಕೆ ಮನೆಯಲ್ಲಿ ಇನ್ನೊಬ್ಬರಿದ್ದರು, ಅವನ ಮಾವ. ಮಗಳ ಮದುವೆಯಾದಂದಿನಿಂದ ಅಳಿಯನ ಕತ್ತಿಗಲ್ಲದೆ ಬೇರೆ ಯಾರಿಗೂ ಕೆನ್ನೆ ಒಡ್ಡಿದವರಲ್ಲ. ಈಗ ಗಡ್ಡ ಎದೆ ಮುಟ್ಟುತ್ತಿತ್ತು.

"ಅಪ್ಪಾ, ಮಕ್ಕಳು ಹೆದರ್ತವೆ. ಬೇರೆ ಅಂಗಡಿಗೆ ಹೋಗಿ ಬನ್ನಿ."

"ಅಳಿಯಂದಿರ ಕೈ ಸರಿಹೋಗ್ಲಿ ತಾಳೇ. ನನಗೇನು ಮದುವೆ ಗೊತ್ತಾಗಿದ್ಯಾ?"

ಕೈ ಬರಬರುತ್ತಾ ಸಡಿಲವಾಯಿತು. ಮೊದಲು ಅಂಗಿಯ ಗುಂಡಿ, ಆಮೇಲೆ ತುಂಬಿದ ಚೊಂಬು. ಬಲೂನಿಗೆ ಸೋಪಿನ ನೊರೆ ಬಳಿದು ಕತ್ತಿಯಾಡಿಸಿ ಅಭ್ಯಾಸ ಮಾಡಿದ. ಮೊದಮೊದಲು ಒಡೆದ ಸದ್ದಿಗೆ ಮನೆಮಂದಿಯೆಲ್ಲ ಬೆಚ್ಚುತ್ತಿದ್ದರು, ಕಡೆಕಡೆಗೆ ಬಲೂನುಗಳು ಉಳಿದವು. ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಅವನ ಕೈ ಬಗ್ಗಿಸಿ ನೋಡಿ, "ಇನ್ನು ಇದಕ್ಕಿಂತ ಹೆಚ್ಚು ಬಗ್ಗೋದು ಅನುಮಾನ. ಇಷ್ಟರಲ್ಲೇ ಕೆಲಸ ಒಗ್ಗಿಸ್ಕೊಳ್ಳಿ," ಎಂದಳು.

ಅವನು ಮುಖ ಸಪ್ಪಗೆ ಮಾಡಿಕೊಂಡೇ ಅಂಗಡಿ ತೆರೆದ. ಮಾವ ಆಗಲೇ ಕುರ್ಚಿಯಲ್ಲಿದ್ದರು. ಕತ್ತರಿಯಿಂದ ಗಡ್ಡ ಇಳಿಸಿ, ನೊರೆ ಬಳಿದು, ಕತ್ತಿ ಹಿಡಿದ. ಕೆನ್ನೆ ಸಲೀಸಾಯಿತು. ದವಡೆಯ ಕೆಳಗೆ ಬಂದಾಗ ಮಣಿಕಟ್ಟು ಅಲ್ಲೇ ನಿಂತಿತು. ಅವನು ಕತ್ತಿ ಹಿಂದಕ್ಕೆ ತೆಗೆದ.

"ಏನಾಯ್ತು?"

"ಕೈ ತಿರುಗ್ತಿಲ್ಲ, ಮಾವ."

"ಹಾಗಾದ್ರೆ ನೀವೇ ತಿರುಗಿ. ಕುರ್ಚಿ ಸುತ್ತ ಜಾಗ ಇಲ್ವಾ?"

ಅವನು ಕುರ್ಚಿಯ ಹಿಂದಕ್ಕೆ ಹೋದ. ಮೊಣಕೈ ಎತ್ತಿ, ಮಾವನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡ. ಕತ್ತಿ ನೊರೆಯನ್ನು ಬಾಚಿಕೊಂಡು ಮೆಲ್ಲಗೆ ಜಾರಿತು. ಮತ್ತೊಂದು ಪಕ್ಕಕ್ಕೆ ಬಂದು ಬಗ್ಗಿ ನಿಂತ. ಎಲ್ಲೂ ಒಂದು ಗೀರಿಲ್ಲ. ಮುಂಚಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿತು, ಹಿಡಿಯಲಿ.

ಕೆನ್ನೆ ಸವರಿಕೊಂಡ ಮಾವ ಏಳುವ ಲಕ್ಷಣವೇ ಕಾಣಲಿಲ್ಲ.

"ಹೇಗೂ ಸುತ್ತು ಬರ್ತಿದ್ದೀರಿ, ತಲೇನೂ ಮುಗಿಸಿಬಿಡಿ," ಎಂದು ಹಾಯಾಗಿ ಕಣ್ಣು ಮುಚ್ಚಿದರು.